ಹಗೇವಿನ ಮಗ್ಗುಲ ಗರಿಕೆ

ಅತ್ತಿಗೆಮ್ಮ, ಅಣ್ಣನನ್ನು ಕೊಂದದ್ದು ನಿನ್ನ ಕೈ ಮೆತ್ತಿದ ಮಣ್ಣಲ್ಲ. ನಾನು ಹಾಯಿಸಿದ ನೀರು. ಎಂಟು ವರ್ಷದಿಂದ ಇದು ನನಗೆ ಗೊತ್ತು. ಅನುಮಾನವಲ್ಲ, ಊಹೆಯಲ್ಲ — ಗೊತ್ತು. ಗೊತ್ತಿದ್ದೂ ಆ ಸಾವನ್ನು ನಿನ್ನ ತಲೆಗೆ ಕಟ್ಟಿದೆ. ಕಟ್ಟಿ, ಮೂರು ಹೊತ್ತೂ ಉಂಡುಕೊಂಡು ಸುಮ್ಮನೆ ಇದ್ದೆ.

ಬಾಯಲ್ಲಿ ಹೇಳುವುದಕ್ಕೆ ಬಂದರೆ ನನ್ನ ನಾಲಿಗೆ ಮತ್ತೆ ಜಾರಿಕೊಳ್ಳುತ್ತದೆ. ಅದರ ಬುದ್ಧಿ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹಲಗೂರಿಗೆ ಬಂದು, ನಿನ್ನ ಎದುರು ಕೂತು, ನಾನೇ ಇದನ್ನು ಓದುತ್ತೇನೆ. ನಿನ್ನ ಮಗಳು ಸಾಕಿಯೂ ಕೇಳಲಿ. ಅಪ್ಪ ಹೋದಾಗ ಅವಳಿಗೆ ನಾಲ್ಕು ವರ್ಷ. ನಿನ್ನ ಅಣ್ಣನ ಮನೆಯಲ್ಲೇ ಬೆಳೆದ ಹುಡುಗಿ, ಹಗೇವು ಹೇಗಿರುತ್ತದೆಂದು ಕಂಡವಳಲ್ಲ. ಅವಳಿಗೂ ತಿಳಿಯುವ ಹಾಗೆ ಬರೆಯಬೇಕು.

ಸಾಕಿ, ಹೊಳಲಿನ ಮಗ್ಗುಲಿಗಿರುವ ನಮ್ಮ ಹಳ್ಳಿಯಲ್ಲಿ ಮನೆಯ ಹಿಂದೆಯೇ ಒಂದು ದಿಬ್ಬವಿತ್ತು. ಅಲ್ಲಿ ನಿಮ್ಮ ಮುತ್ತಾತನ ಕಾಲದ ಹಗೇವು. ನೆಲದೊಳಗೆ ತೋಡಿದ ದೊಡ್ಡ ಗುಡಾಣ ಎಂದುಕೋ — ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಎರಡಾಳು ಆಳ. ಸುಗ್ಗಿ ಮುಗಿದ ಮೇಲೆ ಅದಕ್ಕೆ ರಾಗಿ ಸುರಿದು, ಮೇಲೆ ಹುಲ್ಲು ಹಾಸಿ, ಚಪ್ಪಡಿ ಎಳೆದು, ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಮೆತ್ತುವುದು ನಿಮ್ಮವ್ವನ ಕೆಲಸ. ಹೇಗೆ ಮೆತ್ತುತ್ತಿದ್ದಳು ಗೊತ್ತೇನು! ಹುತ್ತದ ಮಣ್ಣು ತಂದು, ಸಗಣಿ, ಹೊಟ್ಟು ಹಾಕಿ ತುಳಿದು, ಒಂದು ದಿನ ನೆನೆಯಲು ಬಿಟ್ಟು, ಮೂರು ಸಾರಿ ಮೆತ್ತುತ್ತಿದ್ದಳು. ಪ್ರತಿ ಸಾರಿ ಒಣಗಿದ ಮೇಲೆ ಮಂಡಿಯೂರಿ ಕೂತು ಬೆರಳಿನಿಂದ ಬಿರುಕು ಹುಡುಕುತ್ತಿದ್ದಳು. ಬಿರುಗಾಳಿಗೆ ಊರಿನ ಹೆಂಚು ಹಾರಿದ ವರ್ಷವೂ ಅವಳು ಮೆತ್ತಿದ ಬಾಯಿ ಮಿಸುಕಲಿಲ್ಲ. ಊರಿನವರು ತಮ್ಮ ಹಗೇವಿಗೂ ಅವಳನ್ನೇ ಕರೆಯುತ್ತಿದ್ದರು.

ಆಗ ಕಾಲುವೆ ನೀರು ಬಂದ ಹೊಸದು. ಊರಿಗೆ ಊರೇ ಹುಚ್ಚು ಹಿಡಿದ ಹಾಗೆ ಆಡುತ್ತಿತ್ತು. ತಲೆತಲಾಂತರದಿಂದ ಮೋಡ ನೋಡಿಕೊಂಡು ಕೂತಿದ್ದವರ ಕೈಗೆ ನೀರು ಸಿಕ್ಕಿತ್ತು. ಎಲ್ಲಿ ನೋಡಿದರೂ ಕಬ್ಬು. ನನಗೂ ಕಬ್ಬಿನ ಹುಚ್ಚು — ಎಲ್ಲರಿಗಿಂತ ಒಂದು ಹಿಡಿ ಹೆಚ್ಚೇ. ದಿಬ್ಬದ ಪಕ್ಕದ ತುಂಡು ಹೊಲ ನನ್ನ ಕಣ್ಣು ಕುಕ್ಕುತ್ತಿತ್ತು. ಮನೆಗಳ ಮಗ್ಗುಲಿಗೆ ನೀರು ಹಾಯಿಸಬೇಡಿ, ಸೊಳ್ಳೆ ಹೆಚ್ಚಿ ಚಳಿಜ್ವರ ಬರುತ್ತದೆ ಎಂದು ಊರಿಗೆ ಬಂದ ಸರ್ಕಾರದವರೆಲ್ಲ ಹೇಳಿ ಹೋಗಿದ್ದರು. ಯಾರು ಕೇಳುತ್ತಾರೆ? ಆದರೆ ಅಣ್ಣ ಕೇಳಿದ್ದ. ಅವನು ನನಗೆ ಖಂಡಿತವಾಗಿ ಹೇಳಿದ್ದ:

“ನೋಡ್ಲಾ ಮರಿ, ಆ ಕಡೆ ಗದ್ದೆಗೆ ಎಷ್ಟ್ ಬೇಕಾದ್ರೂ ನೀರ್ ಬುಡು. ದಿಬ್ಬದ್ ಪಕ್ಕ ಬ್ಯಾಡ. ನೀರು ತಳದಿಂದ ಬತ್ತದೆ ಕಣ್ಲಾ, ಕಣ್ಣಿಗ್ ಕಾಣಾಕಿಲ್ಲ. ಗೋಡೇನೂ ತಿಂತದೆ, ಅಗೇವನ್ನೂ ತಿಂತದೆ.”

ಹೂಂ ಅಂದೆ. ಹೂಂ ಅನ್ನುವುದಕ್ಕೆ ಏನು ಖರ್ಚು?

ಆ ವರ್ಷ ಸಂಕ್ರಾಂತಿ ಕಳೆಯುತ್ತಲೇ ಅಣ್ಣನಿಗೆ ಚಳಿಜ್ವರ ಹಿಡಿಯಿತು. ಎರಡು ತಿಂಗಳು ಕಂಬಳಿ ಹೊದ್ದು ಮಲಗಿದ. ಅತ್ತಿಗೆಮ್ಮ, ನೀನು ಕಷಾಯ ಕಾಯಿಸಿಕೊಂಡು ಅವನ ತಲೆದೆಸೆ ಬಿಟ್ಟು ಏಳಲಿಲ್ಲ. ಹೊಲ ಗದ್ದೆ ಎಲ್ಲ ನನ್ನ ಕೈಗೆ ಬಂತು. ಅಣ್ಣ ಮಲಗಿರುವಾಗ — ಈ ಮಾತು ಬರೆಯುವುದಕ್ಕೂ ಕೈ ಬರುತ್ತಿಲ್ಲ, ಬರಲಿ, ಬರಲೇಬೇಕು — ಅಣ್ಣ ಏಳಲಾರದೆ ಮಲಗಿರುವಾಗ ನಾನು ರಾತ್ರೋರಾತ್ರಿ ಗುದ್ದಲಿ ಹಿಡಿದು ಗದ್ದೆಯ ಬದುವನ್ನು ಕಡಿದೆ. ದಿಬ್ಬದ ಬುಡಕ್ಕೆ ಕಾಲುವೆ ನೀರು ತಿರುಗಿಸಿ, ಆ ತುಂಡಿಗೆ ಕಬ್ಬು ನೆಟ್ಟೆ. ನೀರಿನ ಸರದಿ ಬಂದಾಗಲೆಲ್ಲ ರಾತ್ರಿ ಕೆರೆಯ ಹಾಗೆ ನಿಲ್ಲಿಸಿ, ಬೆಳಗಾಗುವ ಮುಂಚೆ ಬದು ಮುಚ್ಚಿದೆ. ಅಣ್ಣ ಎದ್ದು ಓಡಾಡುವ ಹೊತ್ತಿಗೆ ಕಬ್ಬು ಮೊಣಕಾಲುದ್ದ ಬಂದಿತ್ತು. ಕೇಳಿದ. ಬಾವಿ ನೀರು ಹೊತ್ತು ಹಾಕಿದೆ ಅಂದೆ. ನನ್ನ ಹೆಗಲು ತಟ್ಟಿ, “ಬಲೇ ಗಟ್ಟಿಗ ಕಣ್ಲಾ” ಅಂದ. ನಂಬಿಬಿಟ್ಟ, ಪುಣ್ಯಾತ್ಮ.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ತಪ್ಪು ಅನ್ನಬಹುದಿತ್ತು. ಅಲ್ಲ. ಯುಗಾದಿಯ ಆಸುಪಾಸು ಒಂದು ಬೆಳಿಗ್ಗೆ ದಿಬ್ಬ ಹತ್ತಿದೆ. ಸುತ್ತಲೂ ನೆಲ ಸುಟ್ಟು ಬೂದಿಯಾಗಿತ್ತು, ಒಂದು ಹಸಿರು ಎಸಳಿಲ್ಲ. ಹಗೇವಿನ ಮಗ್ಗುಲಲ್ಲಿ ಮಾತ್ರ, ನನ್ನ ಕಬ್ಬಿನ ಕಡೆಗೆ, ಒಂದು ಚಾಪೆಯಗಲ ಗರಿಕೆ ಚಿಗುರಿತ್ತು. ಎಳೆಯದು, ಕಣ್ಣಿಗೆ ತಂಪು. ಕಾಲಿಟ್ಟರೆ ನೆಲ ಮೆತ್ತಗಿತ್ತು. ಬೇಸಾಯಗಾರನ ಮಗನಿಗೆ ಅದರ ಅರ್ಥ ಯಾರಾದರೂ ಹೇಳಿಕೊಡಬೇಕೇ? ನೀರು ಒಳಗೊಳಗೇ ನಡೆದು ಹಗೇವಿನ ಪಕ್ಕೆಗೆ ಬಂದಿದೆ. ಆ ದಿನವೇ ಬಾಯಿ ತೆಗೆದು ರಾಗಿ ಮೇಲೆತ್ತಬೇಕು.

ನಾನು ಏನು ಮಾಡಿದೆ? ಕುಡುಗೋಲು ತಂದು ಗರಿಕೆಯನ್ನು ಬೇರು ಸಮೇತ ಹೆರೆದು ಎತ್ತುಗಳಿಗೆ ಹಾಕಿದೆ. ಹಸಿ ನೆಲದ ಮೇಲೆ ಕಣದ ದೂಳು ತಂದು ಎರಚಿದೆ. ಮತ್ತೆ ಚಿಗುರಿತು. ಮತ್ತೆ ಹೆರೆದೆ. ನಾಲ್ಕು ಸಾರಿ! ಅಣ್ಣ ಕಂಡರೆ ಬೈಯುತ್ತಾನೆ, ಕಬ್ಬು ಕೀಳಿಸುತ್ತಾನೆ ಎಂಬ ಒಂದೇ ಯೋಚನೆ. ಥೂ, ನನ್ನ ಬಾಳಿಗಿಷ್ಟು.

ಆಮೇಲೆ ಭರಣಿ ನಕ್ಷತ್ರದಲ್ಲಿ ಬಿರುಗಾಳಿ ಮಳೆ ಬಂತು. ಮರ ಮುರಿದವು, ಕೊಟ್ಟಿಗೆಯ ಸೂರು ಹಾರಿತು. ನೀನು ಸೆರಗು ತಲೆಗೆ ಕಟ್ಟಿಕೊಂಡು, ಮಳೆ ನಿಲ್ಲುವ ಮುಂಚೆಯೇ ದಿಬ್ಬಕ್ಕೆ ಓಡಿ ಹಗೇವಿನ ಬಾಯಿ ನೋಡಿಕೊಂಡು ಬಂದೆ. “ಒಂದ್ ಕೂದ್ಲೆಳೆ ಬಿರುಕಿಲ್ಲ ಕಣಪ್ಪ ಮರಿ” ಎಂದು ನಗುತ್ತಾ ಹೇಳಿದೆ — ನನಗೇ ಹೇಳಿದೆ. ಆ ಮಾತನ್ನು ಇಟ್ಟುಕೋ, ಮುಂದೆ ಬೇಕಾಗುತ್ತದೆ.

ಆರಿದ್ರೆ ಮಳೆಯ ಹೊತ್ತಿಗೆ ಮನೆಯೊಳಗೆ ಮಣ್ಣಿನ ವಾಡೆಯಲ್ಲಿ ತುಂಬಿಟ್ಟಿದ್ದ ರಾಗಿ ಮುಗಿಯಿತು. ಹಗೇವು ತೆಗೆಯಬೇಕು ಎಂದ ಅಣ್ಣ. ಸಾಕಿ, ಮುಚ್ಚಿದ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ; ಕಾಳು ಕೊಳೆತರಂತೂ ಅದರ ವಿಷಗಾಳಿ ತಳದಲ್ಲೇ ಕೂತಿರುತ್ತದೆ. ತೆಗೆದ ತಕ್ಷಣ ಇಳಿದರೆ ಆಳು ಉಳಿಯುವುದಿಲ್ಲ. ನಿಮ್ಮಪ್ಪನಿಗೆ ಇದೆಲ್ಲ ತಿಳಿದಿತ್ತು. ಬೆಳಿಗ್ಗೆಯೇ ಚಪ್ಪಡಿ ಸರಿಸಿ ಮಧ್ಯಾಹ್ನದವರೆಗೆ ಬಾಯಿ ತೆರೆದು ಬಿಟ್ಟ. ಹಣತೆ ಇಳಿಬಿಟ್ಟು ನೋಡಿದ. ರಾಗಿಯ ಮೇಲೆ ದೀಪ ನೆಟ್ಟಗೆ ಉರಿಯಿತು. ಆಮೇಲೆಯೇ ಇಳಿದದ್ದು. ಅವನು ಮಾಡಬೇಕಾದ್ದನ್ನೆಲ್ಲ ಮಾಡಿದ. ಇದನ್ನು ಮರೆಯಬೇಡ.

ನಾನು ಮೇಲೆ, ಹಗ್ಗ ಹಿಡಿದು. ಅವನು ಕೆಳಗೆ ಮಂಕರಿ ತುಂಬುವುದು, ನಾನು ಎಳೆದು ಸುರಿಯುವುದು. ರಾಗಿ ಚೆನ್ನಾಗಿತ್ತು — ಒಣಗಿ, ಕೆಂಪಗೆ, ಸಾಸಿವೆಯ ಹಾಗೆ ಜಾರುತ್ತಿತ್ತು. ನನಗೆ ಧೈರ್ಯ ಬಂತು. ನೀರು ಒಳಗೆ ಬಂದಿಲ್ಲವೇನೋ, ನಾನೇ ಸುಮ್ಮನೆ ಹೆದರಿದೆನೇನೋ… ಗುಡ್ಡೆ ಇಳಿಯುತ್ತಾ ಹೋಯಿತು. ಅವನೂ ಇಳಿಯುತ್ತಾ ಹೋದ. ಆಗ ಕೆಳಗಿನಿಂದ ಅವನ ದನಿ:

“ಲೇ ಮರಿ, ಎಂಡದ್ ವಾಸ್ನೆ ಬತ್ತದಲ್ಲಾ?”

ನನಗೂ ಬಂದಿತ್ತು ಆ ವಾಸನೆ. ಹುಳಿತ ವಾಸನೆ. ತಳದ ರಾಗಿ ನೆಂದು ಕೊಳೆತಿದೆ ಎಂದು ಆ ಕ್ಷಣವೇ ಗೊತ್ತಾಯಿತು. ಹತ್ತಿ ಬಾ ಅಣ್ಣ ಎಂದಿದ್ದರೆ ಸಾಕಿತ್ತು. ಅಷ್ಟೇ ಮಾತು! ಆದರೆ ಹತ್ತಿ ಬಂದವನು ನೀರು ಎಲ್ಲಿಂದ ಬಂತು ಎಂದು ಕೇಳುತ್ತಾನೆ. ಕೇಳಿದರೆ ದಿಬ್ಬದ ಆ ಬದಿಗೆ ಹೋಗುತ್ತಾನೆ… ನಾನು ಬಗ್ಗಿ ಹೇಳಿದೆ:

“ಅಳೇ ರಾಗಿ ವಾಸ್ನೆ ಕಣಣ್ಣ. ತುಂಬು, ತುಂಬು.”

ಅವನು ತುಂಬಿದ. ತಮ್ಮನ ಮಾತು ನಂಬಿ ಇನ್ನೂ ಆಳಕ್ಕೆ ಕೈ ಹಾಕಿ ತುಂಬಿದ. ಎರಡು ಮಂಕರಿ ಮೇಲೆ ಬಂದವು. ಮೂರನೆಯದಕ್ಕೆ ಹಗ್ಗ ಅಲುಗಲಿಲ್ಲ. ಕೂಗಿದೆ. ಮತ್ತೆ ಕೂಗಿದೆ. ಅತ್ತಿಗೆಮ್ಮ, ನೀನು ಮುದ್ದೆ ಕೋಲು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದೆ. ಹಗೇವಿಗೆ ಹಾರಲು ಹೋದೆ. ಮೂವರು ಹೆಂಗಸರು ನಿನ್ನನ್ನು ಹಿಡಿದು ನೆಲಕ್ಕೆ ಒತ್ತಿದರು. ಹೊಂಗೆ ಕೊಂಬೆಗೆ ಹಗ್ಗ ಕಟ್ಟಿ ಮೇಲೆ ಕೆಳಗೆ ಆಡಿಸಿ, ಒಳಗೆ ಗಾಳಿ ನುಗ್ಗಿಸಿ, ಸೊಂಟಕ್ಕೆ ಹಗ್ಗ ಬಿಗಿದು ಒಬ್ಬನನ್ನು ಇಳಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಇಳಿದವನು ನಾನಲ್ಲ. ಅದನ್ನೂ ಬರೆದುಬಿಡುತ್ತೇನೆ. ಪಕ್ಕದ ಮನೆಯವನು ಇಳಿದ. ನಾನು ಮೇಲೆ ಅಂಚಿನಲ್ಲೇ ಕೂತಿದ್ದೆ.

ಅಣ್ಣನ ಕಾಲಿಗೆ ಕಪ್ಪು ಕೆಸರು ಮೆತ್ತಿತ್ತು. ಊರ ಹಿರಿಯ ದೊಡ್ಡಬೋರಣ್ಣ ಅದನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿ, “ತಳದ ರಾಗಿ ಕೊಳ್ತದೆ. ನೀರೆಲ್ಲಿಂದ ಬಂತಲಾ?” ಎಂದ. ಯಾರೂ ನನ್ನ ಕಡೆ ನೋಡಿರಲಿಲ್ಲ. ಯಾರೂ ನನ್ನನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ — ನಾನು ಅಷ್ಟು ದಡ್ಡನೂ ಆಗಿರಲಿಲ್ಲ. ನಾನು ಇನ್ನೊಬ್ಬರ ಹೆಗಲು ತೋರಿಸಿದೆ.

“ಅತ್ತಿಗೆ ಮೆತ್ತಿದ್ ಬಾಯಿ ಬಿರುಕು ಬುಟ್ಟಿತ್ತು ಕಣಣ್ಣೋ. ಬಿರುಗಾಳಿ ಮಳೇಲಿ ಇಳ್ದದೆ. ನಾನು ಆಗ್ಲೇ ಬಡ್ಕಂಡಿದ್ದೆ.”

ನೀನು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದವಳು ತಲೆಯೆತ್ತಿ ನನ್ನನ್ನು ನೋಡಿದೆ. ಕೂದಲೆಳೆಯ ಬಿರುಕಿಲ್ಲ ಎಂದು ನನಗೇ ಹೇಳಿದ್ದವಳು ನೀನು. ಆದರೂ ನಿನ್ನ ಕಣ್ಣಿನಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ನಿನ್ನ ಕೈಗಳನ್ನು ನೀನೇ ತಿರುಗಿಸಿ ನೋಡಿಕೊಂಡೆ. ಕೈತುತ್ತಿಟ್ಟು ಬೆಳೆಸಿದ ಮೈದುನ ಸುಳ್ಳು ಹೇಳಲಾರ, ನಾನೇ ಬಿರುಕು ಕಾಣದೆ ಹೋಗಿರಬೇಕು — ಹಾಗೆ ಅಂದುಕೊಂಡೆಯಾ? ಯಾಕೆ ಅತ್ತಿಗೆಮ್ಮ? ಆವತ್ತು ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಬಾರದಿತ್ತಾ?

ಊರಿನವರ ಮೇಲೂ ನನಗೆ ಬೆಂಕಿಯಂಥ ಸಿಟ್ಟಿದೆ. ಮೇಲಿನ ರಾಗಿ ಒಣಗಿತ್ತು, ತಳದ್ದು ನೆಂದಿತ್ತು. ಗುಡ್ಡೆಗಟ್ಟಲೆ ಒಣರಾಗಿ ಅವರ ಕಣ್ಣೆದುರೇ ಬಿದ್ದಿತ್ತು. ನೀರು ಬಾಯಿಯಿಂದ ಇಳಿದಿದ್ದರೆ ಮೊದಲು ಮೇಲಿನದು ನೆನೆಯಬೇಡವೇ? ಹುಟ್ಟಾ ಬೇಸಾಯಗಾರರು, ಅಷ್ಟು ಜನ ನೆರೆದಿದ್ದವರು, ಒಬ್ಬನಾದರೂ ಈ ಮಾತು ಕೇಳಿದನೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹೆಂಗಸಿನ ಕೈ ಅಂದ ಕೂಡಲೇ ಎಲ್ಲರಿಗೂ ಸಮಾಧಾನವಾಗಿಬಿಟ್ಟಿತು. ಆದರೆ ಅವರನ್ನು ಬೈದು ನಾನು ಹಗುರಾಗುವ ಹಾಗಿಲ್ಲ. ಅವರಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ತಿಥಿಯ ದಿನ ನಮ್ಮವ್ವ ಎಲ್ಲರ ಮುಂದೆ ನಿನಗೆ ಅಂದಳು: “ನನ್ ಮಗನ್ನ ನುಂಗ್ದ ಕೈ ಕಣೇ ಅದು. ನನ್ ಒಲೆ ಮುಟ್ಬ್ಯಾಡ.” ನಿನ್ನ ಅಣ್ಣ ಬಂದು ನಿನ್ನನ್ನೂ ಸಾಕಿಯನ್ನೂ ಕರೆದುಕೊಂಡು ಹೋದ. ನಾನು ಹೊಳಲಿನ ದಾರಿಯವರೆಗೆ ನಿನ್ನ ಗಂಟು ಹೊತ್ತುಕೊಂಡು ಬಂದೆ. ನೋಡಿದವರು, ಎಂಥ ಮೈದುನ, ಅಷ್ಟಾದರೂ ಅತ್ತಿಗೆಯ ಮೇಲೆ ಎಷ್ಟು ಅಕ್ಕರೆ ಎಂದರು. ಕೇಳಿಸಿಕೊಂಡೆ. ಮರುವರ್ಷ ಹಗೇವಿಗೆ ಮಣ್ಣು ತುಂಬಿಸಿ ದಿಬ್ಬವನ್ನು ಸಮ ಮಾಡಿಸಿದೆ. ಈಗ ಅದರ ಮೇಲೂ ಕಬ್ಬಿದೆ. ಅವ್ವ ನಿನ್ನನ್ನು ಶಪಿಸುತ್ತಲೇ ಸತ್ತಳು. ಅವಳು ಸಾಯುವಾಗಲೂ ನಾನು ಬಾಯಿ ಬಿಡಲಿಲ್ಲ.

ವರ್ಷವರ್ಷವೂ ಸುಗ್ಗಿಯಾದ ಮೇಲೆ ಒಂದು ಮೂಟೆ ರಾಗಿ ಬಸ್ಸಿಗೆ ಹಾಕಿಕೊಂಡು ಹಲಗೂರಿಗೆ ಬಂದೆ. ಯುದ್ಧ ಕಾಲದಲ್ಲಿ ಇದ್ದಿಲ ಹೊಗೆಯ ಬಸ್ಸು ಮಳವಳ್ಳಿಯ ಏರಿನಲ್ಲಿ ನಿಂತುಬಿಟ್ಟರೆ ಇಳಿದು ತಳ್ಳಿ ಬಂದದ್ದೂ ಉಂಟು. ಪ್ರತಿ ಸಾರಿಯೂ ನೀನು ನೀರು ಕೊಟ್ಟು, ಎದುರಿಗೆ ಕೂತು, ಅದೇ ಮಾತು: “ಇನ್ನೊಂದ್ ಸಾರಿ ಮೆತ್ತಿದ್ರೆ ಉಳ್ಕತಿದ್ರೇನಪ್ಪ ಮರಿ? ನನ್ನ ಸಮಿಸ್ಬುಡಪ್ಪ.” ಅದಕ್ಕೆ ನಾನು ಪ್ರತಿ ಸಾರಿಯೂ ಏನು ಹೇಳಿದೆ? “ಬುಡು ಅತ್ತಿಗೆಮ್ಮ, ನಾನು ಯಾವಾಗ್ಲೋ ಸಮಿಸಿವ್ನಿ.” ಕ್ಷಮಿಸಿದೆ! ನಾನು — ನಿನ್ನನ್ನು! ಕ್ಷಮಿಸಿ, ನೀನು ಬಡಿಸಿದ ಮುದ್ದೆ ಉಂಡು, ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆ.

ಇದೂ ಹೀಗೇ ನಡೆದುಹೋಗುತ್ತಿತ್ತೇನೋ. ಈ ಸಾರಿ ಸುಗ್ಗಿಗೆ ಕಾಯದೆ ಹೋದ ವಾರ ನಾನು ಬಂದಾಗ ಸಾಕಿ ಒಲೆಗೆ ಮಣ್ಣು ಮೆತ್ತುತ್ತಿದ್ದಳು. ಅವಳ ಬೆರಳೂ ನಿನ್ನ ಬೆರಳ ಹಾಗೆಯೇ ಬಿರುಕು ಹುಡುಕುತ್ತಿತ್ತು. ನೀನು ಒಳಗಿನಿಂದ ಓಡಿಬಂದು ಅವಳ ಕೈಯಿಂದ ಮಣ್ಣು ಕಿತ್ತು ಬಿಸಾಡಿದೆ. “ನೀ ಮೆತ್ಬ್ಯಾಡ ಕಣೇ! ನನ್ ಕೈ ದೋಸ ನಿಂಗೂ ಬಂದದು!” ಹುಡುಗಿ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು — ಆವತ್ತು ನೀನು ನೋಡಿಕೊಂಡ ಹಾಗೆಯೇ. ಆ ದಿನ ನಿಮ್ಮ ಮನೆಯ ಮುದ್ದೆ ಉಣ್ಣದೆಯೇ ಬಸ್ಸು ಹತ್ತಿದೆ.

ಊರಿನಲ್ಲಿ ಈಗ ಬಾವುಟ ಹಿಡಿದು ಕೂಗುತ್ತಿದ್ದಾರೆ, ಸ್ವಾತಂತ್ರ್ಯ ಬಂತು ಎಂದು. ಬರಲಿ. ಭಾನುವಾರ ಅರಳಿಕಟ್ಟೆಯ ಮೇಲೆ ಎಲ್ಲರೂ ಸೇರುತ್ತಾರೆ. ದೊಡ್ಡಬೋರಣ್ಣನೂ ಇರುತ್ತಾನೆ. ಇದೇ ಕಾಗದವನ್ನು ಅಲ್ಲಿಯೂ ಓದುತ್ತೇನೆ, ಒಂದಕ್ಷರ ಬಿಡದೆ. ಉಗಿಯುವವರು ಉಗಿಯಲಿ. ಮೊದಲು ಕೇಳಬೇಕಾದವಳು ನೀನು, ಅದಕ್ಕೇ ನಾಳೆ ನಿನ್ನಲ್ಲಿಗೆ.

ಬರುವಾಗ ಒಂದು ಮಂಕರಿ ಹುತ್ತದ ಮಣ್ಣು ತರುತ್ತಿದ್ದೇನೆ. ಆ ಒಲೆ ಇನ್ನೂ ಹಾಗೆಯೇ ಅರ್ಧಕ್ಕೆ ನಿಂತಿರಬೇಕು. ನೀನೂ ಸಾಕಿಯೂ ಕೂತು ಮೆತ್ತಿ ಮುಗಿಸಿ. ನಾನು ಬೀದಿಯಲ್ಲಿ ನಿಂತಿರುತ್ತೇನೆ. ಆಮೇಲೆ ಹೊರಗೆ ಬಂದು ನನ್ನನ್ನು ಏನು ಮಾಡುತ್ತೀಯೋ ಮಾಡು. ಕ್ಷಮಿಸಿದೆ ಎಂದು ಮಾತ್ರ ಅನ್ನಬೇಡ ಅತ್ತಿಗೆಮ್ಮ. ಆ ಮಾತನ್ನು ಎಂಟು ವರ್ಷ ನಾನು ನಿನಗೆ ಹೇಳಿದ್ದೇನೆ.