ನಡುವಿನ ನಟ್ಟು

ಸೀಮೆಎಣ್ಣೆಯ ವಾಸನೆ ಈಗ ಯಾರ ಮನೆಯಲ್ಲೂ ಇಲ್ಲ. ಸ್ಟವ್ ಹೋಯಿತು, ಕಂದೀಲು ಹೋಯಿತು, ರೇಷನ್ ಅಂಗಡಿಯ ಮುಂದೆ ಡಬ್ಬಿ ಹಿಡಿದು ನಿಲ್ಲುವ ಸಾಲೂ ಹೋಯಿತು. ಆದರೆ ಬೀಳಗಿಯ ನನ್ನ ಮನೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೆಯ ಟವೆಲಿನೊಳಗೆ ಸುತ್ತಿಟ್ಟ ಒಂದು ವಸ್ತುವಿದೆ. ಅದನ್ನು ಬಿಚ್ಚಿದರೆ ಸಾಕು, ಸೀಮೆಎಣ್ಣೆ, ಬಣ್ಣ, ರಬ್ಬರು ಮೂರೂ ಕೂಡಿದ ಒಂದು ಒಗರು ವಾಸನೆ ಮೂಗಿಗೆ ಬರುತ್ತದೆ. ಮೊದಲು ಹೆದರಿಕೆ ಹುಟ್ಟುತ್ತದೆ, ನೆನಪು ಬರುವುದು ಆಮೇಲೆ. ಮೊಳದುದ್ದದ ಎರಡು ಅಲ್ಯುಮಿನಿಯಂ ಪಟ್ಟಿ, ಅವುಗಳ ಬಾಯಲ್ಲಿ ಕಚ್ಚಿಕೊಂಡ ದಪ್ಪ ರಬ್ಬರಿನ ಅಲಗು, ಒಂದು ಮಗ್ಗುಲಿಗೆ ಸಾಲಾಗಿ ಬೆರಳಿನಿಂದಲೇ ತಿರುಗಿಸುವಂಥ ಕಿವಿಯುಳ್ಳ ನಟ್ಟುಗಳು. ಇದನ್ನು ಮನೆಗೆ ತಂದ ಹೊಸದರಲ್ಲಿ ನನ್ನ ಅತ್ತೆಯವರು ನೋಡಿ, "ನೆಲಾ ಒರಸೂದೇನವಾ ಇದು?" ಎಂದು ಕೇಳಿದ್ದರು. ಅಲ್ಲ ಎಂದೆ. ಮತ್ತೇನು ಎಂದರೆ ಹೇಳುವುದು ದೊಡ್ಡ ಕತೆ ಎಂದು ಟವೆಲು ಸುತ್ತಿ ಒಳಗಿಟ್ಟೆ.

ಇದು ಸೀರೆಗೆ ಬಣ್ಣ ಎಳೆಯುವ ಸ್ಕ್ವೀಜಿ. ನಮ್ಮ ಬನಹಟ್ಟಿಯ ಮನೆಯ ಮುಂದಿನ ಪಡಸಾಲೆಯಲ್ಲಿ ಉದ್ದಾನುದ್ದ ಒಂದು ಟೇಬಲ್ಲಿತ್ತು. ಅದರ ಮೇಲೆ ಸೀರೆ ಹಾಸಿ, ಜಾಳಿಗೆ ಬಿಗಿದ ಚೌಕಟ್ಟನ್ನು ಸೀರೆಯ ಮೇಲಿಟ್ಟು, ಒಂದು ತುದಿಗೆ ಸೀಮೆಎಣ್ಣೆ ಹಾಕಿ ಕಲಸಿದ ಬಣ್ಣ ಸುರಿದು, ಸ್ಕ್ವೀಜಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಸಮ ಎಳೆಯಬೇಕು. ಜಾಳಿಗೆಯಲ್ಲಿ ಎಲ್ಲಿ ಕಿಂಡಿ ಬಿಟ್ಟಿರುತ್ತದೋ ಅಲ್ಲಿ ಬಣ್ಣ ಇಳಿದು ಸೀರೆಯ ಮೇಲೆ ಹೂವು ಬೀಳುತ್ತದೆ. ಹಿತ್ತಲ ಕಡೆಯ ಶೆಡ್ಡಿನಲ್ಲಿ ನಮ್ಮ ಎರಡು ಪವರ್‌ಲೂಮುಗಳು ದಡಬಡ ಬಡಿದುಕೊಳ್ಳುತ್ತಿದ್ದವು. ಓಣಿಯ ಮನೆಮನೆಯಲ್ಲೂ ಅದೇ ಸದ್ದು. ಹೀಗಾಗಿ ನಮ್ಮ ಓಣಿಯವರಿಗೆ ಮೆಲ್ಲಗೆ ಮಾತಾಡುವ ರೂಢಿಯೇ ಇರಲಿಲ್ಲ. ಗುಟ್ಟನ್ನೂ ಒದರಿಯೇ ಹೇಳುತ್ತಿದ್ದರು. ಕರೆಂಟು ಹೋದಾಗ ಮಾತ್ರ ಫಜೀತಿ. ಮಗ್ಗಗಳು ಒಮ್ಮೆಲೇ ನಿಂತುಬಿಡುತ್ತಿದ್ದವು, ಯಾರದೋ ಅಡುಗೆಮನೆಯ ಜಗಳ ಓಣಿಗೆಲ್ಲ ಕೇಳುತ್ತಿತ್ತು, ಆಮೇಲೆ ಎಲ್ಲರೂ ಗಪ್ಪಾಗುತ್ತಿದ್ದರು.

ಆ ಟೇಬಲ್ಲಿನ ಮುಂದೆ ಬಣ್ಣ ಎಳೆಯಲು ನಿಲ್ಲುತ್ತಿದ್ದವಳು ಅಪ್ಪನ ತಂಗಿ ನೀಲತ್ತಿ. ಅವಳನ್ನು ಮುಧೋಳಕ್ಕೆ ಕೊಟ್ಟಿತ್ತು. ಆ ವರ್ಷ ಪಂಚಮಿಗೆಂದು ತವರಿಗೆ ಬಂದವಳು, ಹಬ್ಬ ಮುಗಿದು ಬೇವಿನ ಮರದ ಜೋಕಾಲಿ ಬಿಚ್ಚಿದರೂ ಹೋಗಲಿಲ್ಲ. ಉಳಿದ ಹೆಣ್ಣುಮಕ್ಕಳು ಅಕ್ಕಿ-ಕೊಬ್ಬರಿಯ ಉಡಿ ತುಂಬಿಸಿಕೊಂಡು ಬಸ್ಸು ಹತ್ತಿದರು. ನೀಲತ್ತಿಯ ಹಸಿರು ಟ್ರಂಕು ಮಾತ್ರ ಹಗ್ಗದ ಹೊರಸಿನ ಕೆಳಗೆ ಹಾಗೇ ಉಳಿಯಿತು. ಯಾಕೆ ಎಂದು ಯಾರೂ ಕೇಳಲಿಲ್ಲ. ಒಂದು ದಿನ ಬಚ್ಚಲಿನಲ್ಲಿ ಅವಳ ಬೆನ್ನು ತಿಕ್ಕಲು ಹೋದ ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಅವ್ವನ ಸೆರಗು ಹಿಡಿದು ಹಿಂದೆ ಹೋಗಿದ್ದ ನಾನೂ ನೋಡಿದೆ. ಬೆನ್ನ ಮೇಲೆ ಉದ್ದಕ್ಕೆ ಕಪ್ಪುಗಟ್ಟಿದ ಬಾಸುಂಡೆಗಳಿದ್ದವು. "ನೀ ಹೊರಗ ನಡಿ" ಎಂದು ಅವ್ವ ನನ್ನನ್ನು ದೂಡಿದಳು. ಅಂದು ಅಪ್ಪನಿಗೆ ಊಟಕ್ಕೆ ಬಡಿಸುತ್ತ ಅವಳು ಆಡಿದ್ದು ಒಂದೇ ಮಾತು, "ಅಕಿನ್ನ ಕಳಸಬ್ಯಾಡ್ರಿ."

ಅಪ್ಪನಿಗೂ ಕಳಿಸುವ ಮನಸ್ಸಿರಲಿಲ್ಲ. ಆದರೆ ಹೆದರುವುದರಲ್ಲಿ ನಮ್ಮ ಮನೆಯವರು ಒಬ್ಬರನ್ನೊಬ್ಬರು ಮೀರಿಸುವವರು, ಅವರಲ್ಲಿ ಅಪ್ಪ ಎಲ್ಲರಿಗೂ ಹಿರಿಯ. ಬೀಗರೆಂದರೆ ಹೆದರಿಕೆ, ಓಣಿಯ ಬಾಯಿಗೆ ಹೆದರಿಕೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಮುದುಕರಿಗೆ ಹೆದರಿಕೆ. ದೀಪಾವಳಿ ಆದಮೇಲೆ ಬಂದು ಕರೆದುಕೊಂಡು ಹೋಗುತ್ತೇವೆ ಎಂದು ಮುಧೋಳದಿಂದ ಫೋನು ಬಂದಾಗ ಅವನು "ಹೂನ್ರಿ, ಬರ್ರಿ" ಎಂದೇ ಇಟ್ಟುಬಿಟ್ಟ. ಆಮೇಲೆ ಅವ್ವನ ಮುಖ ನೋಡಲಾರದೆ ಒಂದು ಉಪಾಯ ತೆಗೆದ. "ಕಳಸೂದಿಲ್ಲ ಅಂದ್ರ ಮಾತಿಗಿ ಮಾತು ಬೆಳೀತದ. ಲಗ್ನದ ಸೀಜನ್ನಿನ ಕೆಲಸಾ ಹಿಡದೇವಿ, ಅಕೀ ಕೈ ಇಲ್ಲದ ಟೇಬಲ್ ನಡಿಯೂದಿಲ್ಲ ಅಂತ ಹೇಳೂನು. ಈ ಸೀಜನ್ ದಾಟಲಿ, ಮುಂದಿಂದು ಮುಂದ."

ಉಪಾಯವೇನೋ ಛಲೋ ಇತ್ತು, ಹಿಡಿಯಲು ಕೆಲಸವೇ ಇರಲಿಲ್ಲ. ನಮಗೆ ಬಣ್ಣ ಎಳೆಯಲು ಸೀರೆ ಕೊಡುತ್ತಿದ್ದ ರಬಕವಿಯ ಸಾವಕಾರರು ಹಿಂದಿನ ಸಲದ ಸೀರೆಗಳನ್ನು ಬೆಳಕಿಗೆ ಹಿಡಿದು, ಹೂವಿನ ಮೇಲೆ ಹಾದುಹೋಗಿದ್ದ ಗೆರೆಗಳನ್ನು ಬೆರಳಿಟ್ಟು ತೋರಿಸಿದ್ದರು. ದೀಪಾವಳಿಯ ಹೊತ್ತಿಗೆ ಒಂದು ಗೆರೆಯೂ ಇಲ್ಲದ ಸೀರೆಯೊಂದನ್ನು ಮಾದರಿಗೆ ತಂದು ತೋರಿಸಿದರೆ ಸೀಜನ್ನಿನ ಮಾಲು ನಿಮಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದಿದ್ದರು. ಗೆರೆ ಬೀಳುತ್ತಿದ್ದುದು ನೀಲತ್ತಿಯ ಕೈಯಿಂದಲ್ಲ, ಸ್ಕ್ವೀಜಿಯಿಂದ. ಅದು ಕಟ್ಟಿಗೆಯದು. ಕಟ್ಟಿಗೆಯ ಸೀಳಿನಲ್ಲಿ ರಬ್ಬರು ಸಿಗಿಸಿ ಮೊಳೆ ಹೊಡೆದಿದ್ದರು. ದಿನಾ ತೊಳೆದು ತೊಳೆದು ಕಟ್ಟಿಗೆ ಸೊಟ್ಟಾಗಿತ್ತು, ಮೊಳೆ ಇದ್ದಲ್ಲೆಲ್ಲ ರಬ್ಬರು ಒಳಗೆ ಸೇದಿಕೊಂಡು ಅದರ ಅಂಚು ಅಲೆಯಲೆಯಾಗಿತ್ತು. ಹೀಗೆ ನೀಲತ್ತಿ ನಮ್ಮಲ್ಲಿ ಉಳಿಯುವುದೋ ಬಿಡುವುದೋ ಎಂಬುದು ಒಂದು ರಬ್ಬರಿನ ಅಂಚು ನೆಟ್ಟಗಾಗುವುದರ ಮೇಲೆ ಬಂದು ನಿಂತಿತು. ಈಗ ನೆನೆದರೆ ನಗು ಬರುತ್ತದೆ. ಆಗ ನಮಗ್ಯಾರಿಗೂ ನಗು ಬಂದಿರಲಿಲ್ಲ.

ಮೊಳೆಯೇ ಬೇಡ, ರಬ್ಬರನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಹಿಡಿಕೆ ಮಾಡಬೇಕು ಎಂದು ಅಪ್ಪ ನಿರ್ಧರಿಸಿದ. ಜಮಖಂಡಿಯ ಗುಜರಿಯಲ್ಲಿ ಹುಡುಕಿ ದಪ್ಪನೆಯ ಎರಡು ಅಲ್ಯುಮಿನಿಯಂ ಪಟ್ಟಿ ತಂದ. ಮಗ್ಗದ ಬಿಡಿಭಾಗ ಮಾಡುವ ಗರಾಜಿನಲ್ಲಿ ತೂತು ಹೊಡೆಸಿ ಬೋಲ್ಟು ಹಾಕಿಸಿದ. ತೂತುಗಳು ರಬ್ಬರಿಗೆ ತಾಗದಂತೆ ಮೇಲ್ಗಡೆ ಇದ್ದವು. ಆದರೆ ನಟ್ಟು ಬಿಗಿದಷ್ಟೂ ರಬ್ಬರು ಜಾರಿ ಕೆಳಗೆ ಬೀಳುತ್ತಿತ್ತು. ಅಪ್ಪ ತಲೆ ಕೆಡಿಸಿಕೊಂಡು ಕುಳಿತ. ಒಂದು ಮಧ್ಯಾಹ್ನ ನನ್ನ ಪಾಟಿಚೀಲದಿಂದ ಗೆರೆ ಎಳೆಯುವ ಎರಡು ಪಟ್ಟಿ, ಒಂದು ಅಳಿಸುವ ರಬ್ಬರು ತೆಗೆದುಕೊಂಡು ನೆಲದ ಮೇಲೆ ಜೋಡಿಸಿ ಒತ್ತಿ ಒತ್ತಿ ನೋಡಿದ. ಅರಿವೆ ಒಣಹಾಕುತ್ತಿದ್ದ ಅವ್ವನ ಕೈಯಲ್ಲಿದ್ದ, ಹಗ್ಗಕ್ಕೆ ಸಿಗಿಸುವ ಚಿಮಟಿಗೆಯನ್ನು ನೋಡಿದವನೇ ಕೇಳಿ ಇಸಿದುಕೊಂಡ. ಹಿಂದೆ ಒತ್ತಿದರೆ ಅದರ ಬಾಯಿ ತೆರೆಯುತ್ತದೆ. ನಮ್ಮ ಪಟ್ಟಿಗಳೂ ಅದನ್ನೇ ಮಾಡುತ್ತಿದ್ದವು. ನಟ್ಟು ಬಿಗಿದಾಗ ಬೆನ್ನು ಕೂಡಿ ಬಾಯಿ ಅಗಲುತ್ತಿತ್ತು. "ಬೆನ್ನಿಗೆ ಆಸರಾ ಬೇಕು" ಎಂದ ಅಪ್ಪ. ರಬ್ಬರಿಗಿಂತ ಕೂದಲೆಳೆಯಷ್ಟೇ ಹೆಚ್ಚು ದಪ್ಪನೆಯ ಕಬ್ಬಿಣದ ಪಟ್ಟಿಯೊಂದನ್ನು ಬೆನ್ನ ಸಂದಿನಲ್ಲಿ ಕೂಡಿಸಿದ. ಈಗ ಬೆನ್ನು ಮುಚ್ಚಲಾರದು, ಬಾಯಿಯೇ ಮುಚ್ಚಬೇಕು. ರಬ್ಬರನ್ನು ಹಿಡಿದು ಜಗ್ಗಿದರೂ ಬರಲಿಲ್ಲ. ಅಂದು ಅಪ್ಪ ಹೊಟ್ಟೆ ತುಂಬ ರೊಟ್ಟಿ ತಿಂದ. ನನ್ನ ಅಳಿಸುವ ರಬ್ಬರು ಮಾತ್ರ ಬಿಲ್ಲಿನ ಹಾಗೆ ಬಾಗಿ ಹೋಗಿತ್ತು, ಸಾಲಿಯಲ್ಲಿ ಅಕ್ಕೋರು ಬೈದರು.

ನನಗೆ ಆ ದಿನಗಳಲ್ಲಿ ಒಂದು ಚಾಳಿ ಹತ್ತಿತ್ತು. ಬೆಳಿಗ್ಗೆ ಎದ್ದವಳೇ ಹೊರಸಿನ ಕೆಳಗೆ ಬಗ್ಗಿ ಹಸಿರು ಟ್ರಂಕನ್ನು ಮುಟ್ಟಿ ನೋಡುತ್ತಿದ್ದೆ. ಸಾಲಿಯಿಂದ ಬಂದಾಗಲೂ ಚಪ್ಪಲಿ ಬಿಡುವ ಮೊದಲು ಅದನ್ನೇ ಮುಟ್ಟುತ್ತಿದ್ದೆ. ಓಣಿಯಲ್ಲಿ ಜೀಪು ನಿಂತ ಸದ್ದಾದರೆ ಕೈಕಾಲು ತಣ್ಣಗಾಗುತ್ತಿದ್ದವು. ಅವ್ವ ಕಾರಣವಿಲ್ಲದೆ ಬಾಗಿಲಿಗೆ ಹೋಗಿ ಬರುತ್ತಿದ್ದಳು. ನೀಲತ್ತಿ ಮಾತ್ರ ತಲೆ ಬಗ್ಗಿಸಿ ಹಳೆಯ ಸೀರೆಯ ತುಂಡುಗಳ ಮೇಲೆ ಬಣ್ಣ ಎಳೆದು ನೋಡುತ್ತಿದ್ದಳು. ಚೌಕಟ್ಟು ಅಲುಗದಂತೆ ಹಿಡಿಯುವುದು ನನ್ನ ಕೆಲಸ. ಎದುರಾಬದುರಾ ನಿಂತಾಗ ಅವಳ ಬಳೆಗಳು ಬಣ್ಣದ ಹನಿ ಹತ್ತಿ ಸದ್ದು ಮಾಡುವುದನ್ನೇ ಬಿಟ್ಟಿದ್ದವು. ಒಮ್ಮೆ ಕೇಳಿದೆ, "ಅತ್ತಿ, ನೀ ಮುಧೋಳಕ್ಕ ಹೋಕ್ಕೀಯೇನು?" ಅವಳು ಎಳೆಯುವುದನ್ನು ನಿಲ್ಲಿಸಲಿಲ್ಲ. "ನನಗೇನ ಗೊತ್ತವಾ. ಕೈ ಗಟ್ಟ್ಯಾಗಿ ಹಿಡಿ" ಎಂದಳು.

ದೀಪಾವಳಿಯ ಪಣತಿಗಳನ್ನು ಇನ್ನೂ ಕಟ್ಟೆಯ ಮೇಲಿಂದ ತೆಗೆದಿರಲಿಲ್ಲ. ಅಂದು ಸಂಜೆಯೊಳಗೆ ಮಾದರಿಯ ಸೀರೆ ರಬಕವಿಗೆ ಮುಟ್ಟಬೇಕಿತ್ತು. ಅಪ್ಪ ಹಳೆಯದನ್ನು ತೆಗೆದು ಹೊಸ ರಬ್ಬರು ಹಾಕಿ ನಟ್ಟು ಬಿಗಿಯುತ್ತಿದ್ದಾಗಲೇ ಜೀಪು ಬಂತು. ಇಳಿದವರು ನೀಲತ್ತಿಯ ಗಂಡನ ಅಣ್ಣ. ಗಂಡ ಬಂದಿರಲಿಲ್ಲ. ಬೀಗರು ಜಮಖಾನೆಯ ಮೇಲೆ ಕುಳಿತು, ಚಹಾ ಕುಡಿದು, ಬಸ್ಸಿಗೆ ಹೊತ್ತಾದವರ ಹಾಗೆ ಗಡಿಯಾರ ನೋಡಿದರು. ಅಪ್ಪ ಮಗ್ಗದ ಸದ್ದಿಗೆ ದನಿ ಏರಿಸಿ, ಸೀಜನ್ನಿನ ಕೆಲಸ ಬಂದಿದೆ, ಈ ಮಾದರಿಯೊಂದು ಪಾಸಾದರೆ ನೀಲವ್ವನಿಗೆ ಪುರುಸೊತ್ತೇ ಇರುವುದಿಲ್ಲ ಎಂದು, ಬಾಯಿಪಾಠ ಮಾಡಿಕೊಂಡದ್ದನ್ನು ಒಪ್ಪಿಸಿದ. "ನೋಡೂನ್ರಿ, ಪಾಸಾಕ್ಕೈತೋ ಏನೋ" ಎಂದರು ಬೀಗರು.

ನಾನು ಚೌಕಟ್ಟು ಹಿಡಿದೆ. ನೀಲತ್ತಿ ಎಳೆದಳು. ಚೌಕಟ್ಟು ಎತ್ತಿದಾಗ ನಡುವಿನ ಹೂವುಗಳು ಬಣ್ಣ ಹೆಚ್ಚಾಗಿ ಕದಡಿದ್ದವು, ಎರಡೂ ಬದಿಯವು ಮಾಸಿದ ಹಾಗೆ ತೆಳ್ಳಗಿದ್ದವು. ಅಪ್ಪ ತುದಿಯ ನಟ್ಟುಗಳನ್ನು ಇನ್ನಷ್ಟು ಬಿಗಿದ. ಎರಡನೆಯ ಸಲ ಇನ್ನೂ ಕೆಟ್ಟಿತು. ಅವನ ಹಣೆಯಿಂದ ಬೆವರು ಟೇಬಲ್ಲಿನ ಮೇಲೆ ಬಿತ್ತು. ನೇಕಾರರ ಮನೆಯಲ್ಲಿ ಏನನ್ನೇ ಎಳೆದು ಕಟ್ಟುವುದಿದ್ದರೂ ಮೊದಲು ಎರಡು ತುದಿ ಬಿಗಿಯುತ್ತಾರೆ, ನಡುವಿನದು ಆಮೇಲೆ. ನೂಲಿಗೂ ಅದೇ, ಅರಿವೆಗೂ ಅದೇ, ಹೊರಸಿನ ಹಗ್ಗಕ್ಕೂ ಅದೇ. ಅಪ್ಪನ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ. ಬೀಗರು ನಕ್ಕು ಎದ್ದು ನಿಂತರು. "ಇದು ಆಗೂದಲ್ಲ ಹೋಗೂದಲ್ಲ. ನೀಲವ್ವಾ, ಟ್ರಂಕ್ ತಗೋ ನಡಿ."

ನೀಲತ್ತಿ ಟ್ರಂಕಿನ ಕಡೆ ಹೋಗಲಿಲ್ಲ. ಅಪ್ಪನ ಕೈಯಿಂದ ಸ್ಕ್ವೀಜಿ ತೆಗೆದುಕೊಂಡಳು. ರಬ್ಬರಿನ ಅಂಚಿನ ಮೇಲೆ ಹೆಬ್ಬೆರಳನ್ನು ಈ ತುದಿಯಿಂದ ಆ ತುದಿಗೆ ಒಯ್ದಳು, ನಡುವೆ ಬಂದಾಗ ನಿಲ್ಲಿಸಿದಳು. "ಇಲ್ಲಿ ಉಬ್ಬೇತಿ ನೋಡಣ್ಣಾ. ಎರಡೂ ತುದಿ ಮೊದಲ ಬಿಗದೀ, ನಡುವಿನ ರಬ್ಬರ್ ಎಲ್ಲಿಗಿ ಹೋಗಬೇಕು?" ಎನ್ನುತ್ತ ನಟ್ಟುಗಳನ್ನೆಲ್ಲ ಒಂದೊಂದಾಗಿ ಸಡಿಲು ಮಾಡತೊಡಗಿದಳು. ಆ ಮೂರು ತಿಂಗಳಲ್ಲಿ ಅವಳು ಹೊರಗಿನವರ ಮುಂದೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೀಗರು ಒಂದು ಹೆಜ್ಜೆ ಮುಂದೆ ಬಂದು ಅವಳ ರಟ್ಟೆಗೆ ಕೈ ಹಾಕಿದರು. ನೀಲತ್ತಿ ಕಣ್ಣು ಮುಚ್ಚಿಕೊಂಡು, ಹೆಗಲು ಕುಗ್ಗಿಸಿ, ಏಟು ಬೀಳುವುದನ್ನು ಕಾಯುವವಳ ಹಾಗೆ ನಿಂತಳು.

ಅದನ್ನು ಅಪ್ಪ ನೋಡಿದ. "ಕೈ ಬಿಡ್ರಿ" ಎಂದ. ಮಗ್ಗದ ಸದ್ದಿನಲ್ಲಿ ಅದು ಕೇಳಲಿಲ್ಲ. ಆಗ ಎದೆ ತುಂಬ ಉಸಿರು ತೆಗೆದುಕೊಂಡು ಒದರಿದ, "ಈ ಕೆಲಸಾ ಆಗಲಿ ಬಿಡಲಿ, ನನ್ನ ತಂಗೀನ ನಾ ಕಳಸೂದಿಲ್ಲ." ಅವನು ಬಾಯಿ ತೆರೆದದ್ದಕ್ಕೂ ಕರೆಂಟು ಹೋದದ್ದಕ್ಕೂ ಸರಿಯಾಯಿತು. ಮಗ್ಗಗಳು ನಿಂತವು. ಓಣಿಯ ಆ ತುದಿಯಿಂದ ಈ ತುದಿಯವರೆಗೆ ಕೇಳಿದ್ದು ಅಪ್ಪನ ಆ ಮಾತೊಂದೇ. ಓಣಿಯ ಬಾಯಿಗೆ ಹೆದರಿ ಹೆದರಿ ಬದುಕಿದವನು ಓಣಿಗೆಲ್ಲ ಡಂಗುರ ಸಾರಿದಂತಾಯಿತು. ಅಪ್ಪ ತನ್ನ ದನಿಗೆ ತಾನೇ ಬೆಚ್ಚಿ ಕಂಬ ಹಿಡಿದುಕೊಂಡ. ಎದುರು ಮನೆಯ ಮುದುಕಿ ಬಾಗಿಲಿಗೆ ಬಂದಳು. ಆಚೆ ಮನೆಯವರೂ ಬಂದರು. ಎಲ್ಲರೂ ನಿಂತು ಬೀಗರನ್ನು ನೋಡಿದರು. ಬೀಗರು ಕೈ ಬಿಟ್ಟರು. ಏನೋ ಗೊಣಗುತ್ತ ಚಪ್ಪಲಿ ಮೆಟ್ಟಿ ಜೀಪು ಹತ್ತಿದರು. ಮತ್ತೆ ಎಂದೂ ಬರಲಿಲ್ಲ.

ನೀಲತ್ತಿ ನಡುವಿನ ನಟ್ಟನ್ನು ಮೊದಲು ಬಿಗಿದು, ಆಮೇಲೆ ಅದರ ಎಡಬಲದವನ್ನು, ಕೊನೆಗೆ ತುದಿಯವನ್ನು ಬಿಗಿದಳು. ಕರೆಂಟು ಇಲ್ಲದ ಆ ನಿಶ್ಶಬ್ದದಲ್ಲಿ ರಬ್ಬರು ಜಾಳಿಗೆಯ ಮೇಲೆ ಸರ್ರನೆ ಹರಿದ ಸದ್ದು ನನಗೆ ಮೊದಲ ಸಲ ಕೇಳಿಸಿತು. ಚೌಕಟ್ಟು ಎತ್ತಿದಾಗ ಅಂಚಿನಿಂದ ಅಂಚಿಗೆ ಒಂದೇ ಬಣ್ಣ. ಅವ್ವ ಬಾಯಿಗೆ ಸೆರಗು ಹಿಡಿದು ಅತ್ತಳು. ಸಾವಕಾರರು ಮಾದರಿಯನ್ನು ಒಪ್ಪಿದರು, ಆ ಸೀಜನ್ ನಡೆಯಿತು, ಮುಂದೆ ಎಷ್ಟೋ ಸೀಜನ್ ನಡೆದವು. ಪ್ರತಿವರ್ಷ ಪಂಚಮಿ ಮುಗಿದ ಮೇಲೆ, ಹೊರಡುವ ಹೆಣ್ಣುಮಕ್ಕಳಿಗೆ ಮಾಡುವಂತೆಯೇ ಅವ್ವ ನೀಲತ್ತಿಗೂ ಉಡಿ ತುಂಬುತ್ತಿದ್ದಳು. ನೀಲತ್ತಿ ತುಂಬಿದ ಉಡಿ ಹಿಡಿದು ದೇವರಿಗೆ ಕೈ ಮುಗಿದು, ದೇವರ ಕೋಣೆಯಿಂದ ಪಡಸಾಲೆಯ ಟೇಬಲ್ಲಿನವರೆಗೆ ನಡೆಯುತ್ತಿದ್ದಳು. ಅಷ್ಟೇ ಅವಳ ಪ್ರಯಾಣ. ನಾವೆಲ್ಲ ನಗುತ್ತಿದ್ದೆವು, ಅವಳೂ ನಗುತ್ತಿದ್ದಳು.

ಆಮೇಲೆ ಸೂರತ್ತಿನಿಂದ ಮಷೀನಿನಲ್ಲೇ ಹೂವು ಬಿದ್ದ ಅಗ್ಗದ ಸೀರೆಗಳು ಬಂದವು. ಅಪ್ಪ ಹೋದ, ಅವ್ವ ಹೋದಳು, ಮಗ್ಗಗಳು ಗುಜರಿಗೆ ಹೋದವು. ಮನೆಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಗಳ ಸಾಲಿದೆ. ನೀಲತ್ತಿ ಅದೇ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ರವಿಕೆ ಹೊಲಿಯುತ್ತ ಇದ್ದಳು. ಟೇಬಲ್ಲಿಗೆ ಅಲ್ಲಿ ಜಾಗವಿರಲಿಲ್ಲ, ಹಲಗೆ ಬಿಚ್ಚಿ ಯಾರಿಗೋ ಕೊಟ್ಟಳು. ನಾನು ಬೀಳಗಿಯಿಂದ ಪಂಚಮಿಗೆ ಹೋದಾಗಲೆಲ್ಲ ಅವಳೇ ನನ್ನ ಉಡಿ ತುಂಬುತ್ತಿದ್ದಳು. ನನ್ನ ಗಂಡ ಒಳ್ಳೆಯವರು, ಅದು ಅವಳಿಗೂ ಗೊತ್ತಿತ್ತು. ಆದರೂ ಬಸ್ಸಿಗೆ ಹೊರಡುವ ಮೊದಲು ಬಾಗಿಲು ಮುಂದೆ ಮಾಡಿ, ನನ್ನ ಎರಡೂ ರಟ್ಟೆ ಸವರಿ, ಮುಖ ಹತ್ತಿರ ತಂದು ಕೇಳುತ್ತಿದ್ದಳು, "ಛಲೋ ಅದೀಯಿಲ್ಲ? ಇಲ್ಲಂದ್ರ ಹೇಳು. ಇಲ್ಲಿ ಟೇಬಲ್ ಐತಿ." ಇಲ್ಲದ ಟೇಬಲ್ಲನ್ನು ಅವಳು ಅಷ್ಟು ಖಾತ್ರಿಯಿಂದ ಹೇಳುತ್ತಿದ್ದಳು. ಛಲೋ ಅದೀನತ್ತಿ ಎಂದು ನಾನು ಅಷ್ಟೇ ಖಾತ್ರಿಯಿಂದ ಹೇಳಿ ಬಸ್ಸು ಹತ್ತುತ್ತಿದ್ದೆ.

ಅವಳೂ ತೀರಿಕೊಂಡ ಮೇಲೆ ಹಸಿರು ಟ್ರಂಕಿನಲ್ಲಿ ಸಿಕ್ಕದ್ದು ಈ ಸ್ಕ್ವೀಜಿ. ಈ ಸಲದ ಪಂಚಮಿಗೆ ನಾನು ಎಲ್ಲಿಗೂ ಹೋಗಲಿಲ್ಲ. ಉಂಡಿ ಕಟ್ಟಿ ಮುಗಿಸಿ, ಕೈ ತೊಳೆದುಕೊಂಡು, ಟವೆಲು ಬಿಚ್ಚಿ ಕುಳಿತೆ. ರಬ್ಬರು ಕಲ್ಲಾಗಿದೆ, ಅಂಚು ಸೀಳಿದೆ. ಹೊರಗೆ ಯಾವುದೋ ಜೀಪು ನಿಂತಿತು. ಇಷ್ಟು ವರ್ಷಗಳ ಮೇಲೂ ಕೈಕಾಲು ತಣ್ಣಗಾದವು, ಗೊತ್ತಿಲ್ಲದೆ ಬೆರಳು ನಡುವಿನ ನಟ್ಟನ್ನು ಹಿಡಿದುಕೊಂಡಿತು. ಜೀಪು ಹೋಯಿತು. ನಾನು ಛಲೋ ಇದ್ದೇನೆ. ಕೇಳುವವರು ಇಲ್ಲ.