ಮಾಸ್ಟ್ರ ಕಿವಿಯೂ ನನ್ನ ವಯರೂ

ಸಣ್ಣ ಸ್ಪೀಕರುಗಳ ಜೊತೆಗೆ ದಪ್ಪ ಸದ್ದಿನ ದೊಡ್ಡ ಬೇಸ್ ಡಬ್ಬ ಜೋಡಿಸುವವರಿಗೆ ನಾನು ಹೇಳುವುದು ಒಂದೇ. ಸದ್ದು ಸರಿಯಿಲ್ಲವೆಂದು ಯಾರಾದರೂ ಹೇಳಿದರೆ ಮೊದಲು ವಯರು ನೋಡಿ, ಹೇಳಿದವರ ಕಿವಿಯನ್ನಲ್ಲ. ಈ ಬುದ್ಧಿ ನನಗೆ ಬಂದದ್ದು ತಡವಾಗಿ. ಅಷ್ಟರಲ್ಲಿ ಕಷ್ಟಪಟ್ಟದ್ದು ಬೇರೆಯವರು.

ಎಂಬತ್ತರ ದಶಕದಲ್ಲಿ ಪಾಣೆಮಂಗಳೂರಿನಲ್ಲಿ ನನ್ನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆಗೋ ಸಭೆಗೋ ಮರಕ್ಕೆ ಹಾರ್ನ್ ಕಟ್ಟಿ ಎರಡು ವಯರು ಸಿಕ್ಕಿಸಿದರೆ ಕೆಲಸ ಮುಗಿಯಿತು. ಯಾವ ವಯರು ಯಾವ ತುದಿಗೆ ಎಂದು ನೋಡಿದವನೇ ಅಲ್ಲ. ಹೇಗೆ ಸಿಕ್ಕಿಸಿದರೂ ಊರಿಗೆಲ್ಲ ಕೇಳುತ್ತಿತ್ತು.

ಒಂದು ದಿನ ಬೆಳ್ತಂಗಡಿಯಿಂದ ಒಬ್ಬ ನಿವೃತ್ತ ಮಾಸ್ಟ್ರು ಬಂದರು. ಹಗಲು ಶಾಲೆ, ರಜೆಯಲ್ಲಿ ಯಕ್ಷಗಾನಕ್ಕೆ ಮದ್ದಲೆ, ಹೀಗೆ ಆಯುಷ್ಯ ಕಳೆದವರು. ಆಗ ಮನೆಯಲ್ಲೇ ನಾಲ್ವರಿಗೆ ಮದ್ದಲೆ ಕಲಿಸುತ್ತಿದ್ದರು. ದುಬೈಯಲ್ಲಿದ್ದ ಅಳಿಯ ಸ್ಟೀರಿಯೊ ತಂದುಕೊಟ್ಟಿದ್ದ. ಅದರ ಸ್ಪೀಕರುಗಳು ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಪುಟ್ಟವು.

“ಚೆಂಡೆ ಕೇಳ್ತದೆ, ಜಾಗಟೆ ಕೇಳ್ತದೆ. ಮದ್ದಲೆಯ ಎಡಗೈ, ಆ ದಪ್ಪ ಸದ್ದು, ಮಾತ್ರ ಅರ್ಧಂಬರ್ಧ ಮಾರಾಯ.”

“ಒಂದು ಡಬ್ಬ ಮಾಡಿಕೊಡ್ತೇನೆ ಮಾಸ್ಟ್ರೇ. ಮದ್ದಲೆ ನಿಮ್ಮ ಮಡಿಲಿಗೇ ಬಂದು ಕೂತ್ಕೊಳ್ತದೆ.”

ರೇಟಿನ ಬಗ್ಗೆ ಅವರು ಒಂದು ಮಾತು ಎತ್ತುವಷ್ಟರಲ್ಲಿ ನಾನು ಹತ್ತು ಆಡಿ ಮುಗಿಸಿದ್ದೆ. ಮುಚ್ಚಿಹೋದ ಟೆಂಟ್ ಟಾಕೀಸೊಂದರಿಂದ ಚೌಕಾಸಿ ಮಾಡಿ ತಂದ ದೊಡ್ಡ ಸ್ಪೀಕರು ಅಂಗಡಿಯಲ್ಲಿ ಬಿದ್ದಿತ್ತು. ಹಲಸಿನ ಹಲಗೆಯ ಪೆಟ್ಟಿಗೆ ಮಾಡಿಸಿ ಅದನ್ನು ಕೂರಿಸಿದೆ. ತೆಳು ಸ್ವರ ಅದಕ್ಕೆ ಹೋಗದ ಹಾಗೆ ತಾಮ್ರದ ಸುರುಳಿಯೊಂದನ್ನು ಹಾಕಿದೆ. ಮಾಸ್ಟ್ರ ಮನೆಗೆ ಹೊತ್ತೊಯ್ದು ಸ್ಟೀರಿಯೊಗೆ ಜೋಡಿಸಿದೆ.

ಮಾಸ್ಟ್ರು ತಾವೇ ಬಾರಿಸಿದ ಕ್ಯಾಸೆಟ್ ಹಾಕಿ ಕಣ್ಣು ಮುಚ್ಚಿದರು. ಶಿಷ್ಯರು ನಾಲ್ವರೂ ಸುತ್ತ ಕೂತಿದ್ದರು.

“ಡಬ್ಬ ಬಂದ್ ಮಾಡು.” ಮಾಡಿದೆ. “ಈಗ ಹಾಕು.” ಹಾಕಿದೆ.

“ಡಬ್ಬ ಹಾಕಿದರೆ ಮೊದಲು ಇದ್ದ ಎಡಗೈಯೂ ಹೋಗ್ತದಲ್ಲ!”

ಸ್ಪೀಕರು ಒಂದು ಹೆಚ್ಚು ಹಾಕಿದರೆ ಸದ್ದು ಕಡಿಮೆಯಾಗುವುದೆಂದರೇನು? ನನಗೆ ನಗು ಬಂತು. ಡಬ್ಬ ವಾಪಸು ಕೊಡುವುದಕ್ಕೆ ಇದು ಪೀಠಿಕೆ ಎಂದೂ ಅನಿಸಿತು. ಗಿರಾಕಿಯ ಬಾಯಿ ಮುಚ್ಚಿಸುವ ವಿದ್ಯೆ ನನಗೆ ಚೆನ್ನಾಗಿಯೇ ಗೊತ್ತಿತ್ತು.

“ಮಾಸ್ಟ್ರೇ, ಡಬ್ಬಕ್ಕೆ ಏನೂ ಆಗಲಿಲ್ಲ. ಪ್ರಾಯ ಆಯ್ತಲ್ಲ, ಕಿವಿ ಮೊದಲಿನ ಹಾಗೆ ಇರ್ತದಾ? ಬೇಕಾದರೆ ಇವರನ್ನೇ ಕೇಳಿ.”

ಒಬ್ಬ ಶಿಷ್ಯ ಡಬ್ಬದ ಮೇಲೆ ಕೈಯಿಟ್ಟು, “ಹೌದು ಗುರುಗಳೇ, ಒಳ್ಳೆ ನಡುಗ್ತಾ ಉಂಟು” ಎಂದ. ಉಳಿದವರು ತಲೆಯಾಡಿಸಿದರು. ಮಾಸ್ಟ್ರು ದುಡ್ಡು ಎಣಿಸಿ ಕೊಟ್ಟರು. ನಾನು ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ.

ವರ್ಷ ಕಳೆದ ಮೇಲೆ ಮೂಡಬಿದಿರೆಯ ಒಬ್ಬ ರೇಡಿಯೊ ರಿಪೇರಿಯವನ ಬಳಿ ಸ್ಪೀಕರು ಕೊಳ್ಳಲು ಹೋಗಿದ್ದೆ. ಚೌಕಾಸಿ ಅರ್ಧಕ್ಕೆ ಬಂದಿತ್ತು. ಅವನು ಟಾರ್ಚಿನ ಸೆಲ್ಲೊಂದನ್ನು ಎರಡು ತುಂಡು ವಯರಿನಿಂದ ಸ್ಪೀಕರಿಗೆ ಮುಟ್ಟಿಸಿದ. ಕಾಗದದ ಕೋನ್ ಮುಂದೆ ಜಿಗಿಯಿತು. ವಯರು ಅದಲುಬದಲು ಮಾಡಿ ಮುಟ್ಟಿಸಿದ, ಹಿಂದೆ ಸರಿಯಿತು.

“ಒಂದು ಸ್ಪೀಕರು ಮುಂದೆ ಬರುವಾಗ ಇನ್ನೊಂದು ಹಿಂದೆ ಹೋದರೆ, ಎರಡೂ ಸೇರಿ ಬೇಸನ್ನು ನುಂಗಿಬಿಡ್ತವೆ. ಇಷ್ಟು ವರ್ಷ ಮೈಕ್ ಕಟ್ಟಿದವರಿಗೆ ಗೊತ್ತಿಲ್ಲವಾ?”

“ಗೊತ್ತಿಲ್ಲದೆ ಏನು!” ಎಂದೆ. ಅವನು ಹೇಳಿದ ಬೆಲೆಗೇ ಸ್ಪೀಕರು ತೆಗೆದುಕೊಂಡು ಹೊರಬಿದ್ದೆ. ಜನ್ಮದಲ್ಲಿ ಅದೇ ಮೊದಲು.

ಮರುದಿನ ಬೆಳಿಗ್ಗೆ ಬೆಳ್ತಂಗಡಿಗೆ ಹೋದೆ. ಮಾಸ್ಟ್ರ ಮನೆಯಲ್ಲಿ ಸ್ಟೀರಿಯೊಗೆ ಬಟ್ಟೆ ಹೊದೆಸಿತ್ತು. ಡಬ್ಬದ ಮೇಲೆ ಬಾಳೆಹಣ್ಣು ಇಟ್ಟಿದ್ದರು.

“ಶಿಷ್ಯರು ಇಲ್ಲವಾ ಮಾಸ್ಟ್ರೇ?”

“ಬೇಡ ಅಂತ ಕಳಿಸಿದೆ. ಎಡಗೈ ಕೇಳದವ ಎಡಗೈ ಕಲಿಸುವುದು ಹೇಗೆ?”

ಸುಮ್ಮನೆ ಒಮ್ಮೆ ನೋಡ್ತೇನೆ ಎಂದು ಡಬ್ಬದ ಹಿಂದೆ ಕೂತು ಎರಡು ವಯರು ಅದಲುಬದಲು ಮಾಡಿದೆ. ಬೀಡಿ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ. ಅದೇ ಕ್ಯಾಸೆಟ್ ಹಾಕಿದೆ. ಮದ್ದಲೆಯ ಎಡಭಾಗ ಗುಂಡಗೆ, ಕೋಣೆ ತುಂಬ ಬಂತು. ಮಾಸ್ಟ್ರ ಕೈ ತೊಡೆಯ ಮೇಲೆ ತಾನಾಗಿಯೇ ಬಡಿಯತೊಡಗಿತು.

“ಏ, ಇಲ್ಲಿ ಬಾ! ಕೇಳ್ತದೆ, ಕೇಳ್ತದೆ!”

ಅವರ ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದರು. “ನಾನು ಹೇಳಲಿಲ್ಲವಾ? ವರ್ಷವಿಡೀ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟದ್ದು ಸುಮ್ಮನೆ ಹೋಗ್ತದಾ? ಇವರು ಬಟ್ಟಲು ಕಂಡರೆ ಅಂಗಳಕ್ಕೆ ಓಡುವುದು!”

ತಪ್ಪು ನನ್ನದು ಎನ್ನಲು ಎರಡು ಶಬ್ದ ಸಾಕಿತ್ತು. ಹತ್ತು ಮಾತಿನವನಿಗೆ ಆ ಎರಡು ಬಾಯಿಗೆ ಬರಲಿಲ್ಲ. ಮಾಸ್ಟ್ರು ಆಗಲೇ ಶಿಷ್ಯರಿಗೆ ಕಾರ್ಡು ಬರೆಯಲು ಕೂತಿದ್ದರು. ನಾಲ್ವರಲ್ಲಿ ತಿರುಗಿ ಬಂದದ್ದು ಒಬ್ಬನೇ ಎಂದು ನನಗೆ ಆಮೇಲೆ ತಿಳಿಯಿತು.

ಹೊರಡುವಾಗ ಮಾಸ್ಟ್ರ ಹೆಂಡತಿ ಎಣ್ಣೆಯ ಬಟ್ಟಲು ತಂದರು.

“ನೀವೂ ಯಾವಾಗಲೂ ಹಾರ್ನಿನ ಬುಡದಲ್ಲೇ ಇರುವವರು. ಎರಡು ಬಿಂದು ಬಿಡುವ, ಕೂತ್ಕೊಳ್ಳಿ.”

ನಾನು ಬೆಂಚಿನ ಮೇಲೆ ಕೂತು, ಕಿವಿ ಮೇಲಾಗುವ ಹಾಗೆ ತಲೆ ವಾಲಿಸಿದೆ.