ಬೆಳಕಿಂಡಿಯ ಸುತ್ತ ಒಂದು ಮೊಳ

ತೆರೆದಿಟ್ಟ ಪುಟದ ಮೇಲೆ ಒಣಮೆಣಸಿನಕಾಯಿಯ ಬೀಜವೊಂದು ಬಿತ್ತು. ಚಪ್ಪಟೆಯಾದ, ಹಳದಿ ಬೀಜ. ಬೆರಳಿನಿಂದ ಸರಿಸಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಿತ್ತು. ಆಮೇಲೆ ಕಣ್ಣು ಉರಿಯತೊಡಗಿತು. ತಲೆಯೆತ್ತಿ ನೋಡಿದರೆ ಬೆಳಕಿಂಡಿಯ ಅಂಚಿನವರೆಗೂ ಕೆಂಪು ಹರವಿತ್ತು.

ನಮ್ಮದು ಬೈಲಹೊಂಗಲದಲ್ಲಿ ಹಳೆಯ ಮಣ್ಣಿನ ಮಾಳಿಗೆಯ ಮನೆ. ಅಪ್ಪ ಮತ್ತು ಕಾಕಾ ಬೇರೆಯಾದಾಗ ಹಿರಿಯರು ಕೆಳಗಿನ ಕೋಣೆಗಳನ್ನು ಗೋಡೆ ನೋಡಿ ಹಂಚಿದರು. ಮೇಲಿನ ಮಾಳಿಗೆಯನ್ನು ಮಾತ್ರ, ಕಾಳು ಶಾವಿಗೆ ಒಣಗಿಸಲು ಇಬ್ಬರಿಗೂ ಸಮನಾಗಿ ಬಿಸಿಲು ಸಿಗಲಿ ಎಂದು, ಹಗ್ಗ ಹಿಡಿದು ಅಡ್ಡಲಾಗಿ ಹಂಚಿದರು. ಕೆಳಗಿನ ಗೆರೆ ಒಂದು ದಿಕ್ಕಿಗೆ, ಮೇಲಿನದು ಇನ್ನೊಂದು ದಿಕ್ಕಿಗೆ. ಹೀಗಾಗಿ ಕಿಟಕಿಯೇ ಇಲ್ಲದ ನನ್ನ ಕೋಣೆ ನಮ್ಮ ಪಾಲಿಗೆ ಬಂತು, ಅದರ ನೆತ್ತಿಯ ಬೆಳಕಿಂಡಿ ಕಾಕಾನ ಪಾಲಿಗೆ ಹೋಯಿತು. ತಪ್ಪು ಗೊತ್ತಾಗುವ ಹೊತ್ತಿಗೆ ಹಗ್ಗ ಸುತ್ತಿಟ್ಟಾಗಿತ್ತು. ಎದ್ದು ಹೊರಟಿದ್ದ ಹಿರಿಯರೊಬ್ಬರು ನಿಂತಲ್ಲೇ ಒಂದು ಮಾತು ಹೇಳಿದರಂತೆ: "ಬೆಳಕಿಂಡಿ ಸುತ್ತ ಒಂದ ಮೊಳ ಜಾಗಾ ಬಿಡಬೇಕು. ಯಾರೂ ಏನೂ ಇಡೂ ಹಂಗಿಲ್ಲ." ಎರಡೂ ಮನೆಯವರು ಹೂಂ ಅಂದರು. ಮಾಳಿಗೆ ಹತ್ತುವ ಮೆಟ್ಟಿಲು ನಮ್ಮ ಅಂಗಳದಲ್ಲಿತ್ತು. ಒಣಗಿಸುವ ಕೆಲಸಕ್ಕೆ ಅವರೂ ಹತ್ತಿ ಇಳಿಯಬಹುದೆಂದು ಅಪ್ಪ ಒಪ್ಪಿಕೊಂಡಿದ್ದ.

ಆ ಮೊಳದೊಳಗೆ ಮೆಣಸಿನಕಾಯಿ ಹರವಿದವಳು ಕಾಕಾನ ಮಗಳು. ನನಗಿಂತ ಕೆಲವೇ ತಿಂಗಳಿಗೆ ಚಿಕ್ಕವಳು, ಆದರೂ ಅಕ್ಕ ಎನ್ನುತ್ತಾಳೆ. ನಾನು ಅವ್ವನಿಗೆ ಹೇಳಿದೆ, ಅವ್ವ ಅಪ್ಪನಿಗೆ ಹೇಳಿದಳು.

"ಮೆಣಸಿನಕಾಯಿ ಏನ ವರ್ಷಗಟ್ಲೆ ಇರತಾವನು? ಒಣಗಿದ ಮ್ಯಾಲ ತಾವ ತಗೀತಾರ. ಸುಮ್ನಿರ್ರಿ" ಎಂದ ಅಪ್ಪ.

ನಿಜವೇ, ತೆಗೆದರು. ಆ ಜಾಗಕ್ಕೆ ಹಳೆಯ ತಗಡುಗಳು ಬಂದವು. ತಗಡು ಹೋದ ಮೇಲೆ ಇಟ್ಟಂಗಿ ಜೋಡಿಸಿ ಕರಿ ಪ್ಲಾಸ್ಟಿಕ್ಕಿನ ನೀರಿನ ಟಾಕಿ ಕೂರಿಸಿದರು. ಮಧ್ಯಾಹ್ನದ ನಂತರ ಅದರ ನೆರಳು ನನ್ನ ಮೇಜಿನ ಅರ್ಧಕ್ಕೆ ಬರುತ್ತಿತ್ತು. ಮೇಜನ್ನು ಬೆಳಕಿದ್ದ ಕಡೆಗೆ ಎಳೆದುಕೊಂಡೆ.

ನಾನು ಕಿತ್ತೂರಿನ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಆಗ ಎರಡು ಮಹಾಯುದ್ಧಗಳ ನಡುವಿನ ಯುರೋಪನ್ನು ಪಾಠ ಮಾಡುತ್ತಿದ್ದೆ. ಸೈನ್ಯ ಇಡುವುದಿಲ್ಲವೆಂದು ಒಪ್ಪಿಕೊಂಡ ರೈನ್ ನದಿಯ ಸೀಮೆಗೆ ಜರ್ಮನಿ ಸೈನ್ಯ ಕಳಿಸಿತು. ಅವರ ನೆಲಕ್ಕೆ ಅವರು ಹೋದರು ಬಿಡಿ ಎಂದು ಬ್ರಿಟನ್ನು ಫ್ರಾನ್ಸು ಸುಮ್ಮನಾದವು. ಆಮೇಲೆ ಆಸ್ಟ್ರಿಯ. ಆಮೇಲೆ ಜೆಕೊಸ್ಲೊವಾಕಿಯದ ಗಡಿನಾಡು. ಇದೇ ಕೊನೆಯದು, ಇನ್ನೇನೂ ಕೇಳುವುದಿಲ್ಲ ಎಂಬ ಮಾತಿನ ಮೇಲೆ ಅದನ್ನೂ ಕೊಟ್ಟರು. ಮ್ಯೂನಿಕ್ಕಿನಲ್ಲಿ ನಾಲ್ಕು ದೇಶದವರು ಕುಳಿತು ಕೊಟ್ಟಾಗ, ಯಾರ ನೆಲ ಹೋಗುತ್ತಿತ್ತೋ ಆ ದೇಶದವರನ್ನು ಒಳಗೆ ಕರೆದಿರಲಿಲ್ಲ.

"ಮೇಡಮ್ ರೀ, ಮೊದಲನೇ ಸಲಾನ ಒದ್ದ ಕಳಿಸಿದ್ರ ಮುಗೀತಿತ್ತಲ್ರಿ" ಎಂದ ಒಬ್ಬ ವಿದ್ಯಾರ್ಥಿ.

"ಒದ್ದಿದ್ರೂ ಜಗಳಾನ ಆಗತಿತ್ತೋ ಹುಚ್ಚಾ" ಎಂದಳು ಮುಂದಿನ ಬೆಂಚಿನವಳು.

"ಆಗತಿತ್ತು. ಸಣ್ಣದ ಆಗತಿತ್ತು."

ಎಲ್ಲರೂ ನಕ್ಕರು. ಆದರೆ ಕೊಟ್ಟವರನ್ನು ಅಂಜುಬುರುಕರು ಎಂದಷ್ಟೇ ಬರೆದುಕೊಳ್ಳಬೇಡಿ ಎಂದೆ. ಅವರು ಹಿಂದಿನ ಯುದ್ಧವನ್ನು ಕಂಡವರು. ಮಕ್ಕಳನ್ನು ಕಳೆದುಕೊಂಡ ಮನೆಗಳು ಓಣಿ ಓಣಿಯಲ್ಲಿದ್ದವು. ಇನ್ನೊಮ್ಮೆ ಅದು ಆಗಬಾರದೆಂದು ಅವರು ಏನನ್ನೂ ಕೊಡಲು ತಯಾರಿದ್ದರು, ತಮ್ಮದಲ್ಲದ್ದನ್ನೂ.

ಹೇಳುವಾಗ ಅಪ್ಪ ನೆನಪಾದ. ಅವನು ಶಾಲೆಗೆ ಹೋಗುವ ವಯಸ್ಸಿನಲ್ಲಿ, ಸವದತ್ತಿ ಕಡೆಯ ಹೊಲದ ಬದುವಿಗಾಗಿ ನಮ್ಮ ಅಜ್ಜ ಮತ್ತು ಅಜ್ಜನ ಅಣ್ಣ ಕೊಡಲಿ ಹಿಡಿದಿದ್ದರು. ಅಜ್ಜನ ಎಡಗೈ ಆಮೇಲೆ ಮೇಲೇಳಲಿಲ್ಲ. ಊಟಕ್ಕೆ ಕುಳಿತಾಗ ತಂದೆಯ ರೊಟ್ಟಿ ಮುರಿದುಕೊಡುತ್ತಿದ್ದವನು ಅಪ್ಪ. ತಮ್ಮನ ಮೇಲೆ ದನಿ ಏರಿಸುವುದಿಲ್ಲ ಎಂದು ಅವನು ಯಾವಾಗ ನಿಶ್ಚಯಿಸಿದನೋ ನನಗೆ ಗೊತ್ತಿಲ್ಲ, ಆದರೆ ಅದನ್ನು ಪಾಲಿಸುತ್ತಿದ್ದ.

ಇಷ್ಟು ಅರ್ಥವಾಗಿದ್ದರೂ ನನ್ನ ಹೊಟ್ಟೆಯ ಉರಿ ಆರಲಿಲ್ಲ. ಕಾಕಾನ ಮಗಳ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಓದು ಪಿಯುಸಿಗೆ ಬಿಟ್ಟು ಬ್ಲೌಸ್ ಹೊಲಿಯತೊಡಗಿದಳು. ಈಗ ರಾಮದುರ್ಗದಿಂದಲೂ ಮದುವೆಯ ಬ್ಲೌಸಿಗೆ ಬರುತ್ತಾರೆ. ಅವರ ಪಡಸಾಲೆಯಲ್ಲಿ ಸದಾ ಹೆಂಗಸರ ನಗೆ. ಆದರೆ ಕಿಚ್ಚು ಅದಕ್ಕಲ್ಲ. ಅವಳಿಗೆ ಕೇಳಲು ಬರುತ್ತದೆ. ನನ್ನ ಅಪ್ಪ ಮಲಗುವ ಹೊರಸಿನ ತುದಿಗೆ ಕುಳಿತು, ಕಾಲು ಅಲ್ಲಾಡಿಸುತ್ತ, ಬೇಕಾದ್ದನ್ನು ಬೇಕು ಎನ್ನುತ್ತಾಳೆ. ನಾನು ಆ ಹೊರಸಿನ ಮೇಲೆ ಕುಳಿತದ್ದು ನೆನಪಿಲ್ಲ. ನನಗೆ ಬೇಕಾದ್ದನ್ನು ನಾನು ಅವ್ವನ ಕಿವಿಯಲ್ಲಿ ಹೇಳಿ ಕಾಯುತ್ತಿದ್ದೆ. ಕೇಳದವಳಿಗೆ ಏನೂ ಬೇಡವೆಂದು ಮನೆಯವರು ತಿಳಿದಿದ್ದರು. ಜಾಣ ಹುಡುಗಿ, ಸಮಾಧಾನದ ಹುಡುಗಿ.

ಹೋದ ಬೇಸಿಗೆಯ ಒಂದು ಸಂಜೆ ಅವಳು ಹಾಗೆಯೇ ಬಂದು ಕುಳಿತಳು. ನಾನು ಅಡುಗೆಮನೆಯ ಬಾಗಿಲ ಹಿಂದಿದ್ದೆ.

"ದೊಡ್ಡಪ್ಪಾ, ಮಾಳಿಗಿ ಮ್ಯಾಲ ಒಂದ ತಗಡಿನ ಖೋಲಿ ಹಾಕಸೂಣು ಅಂತ. ಮಷೀನ್ ಇಡಾಕ ಕೆಳಗ ಜಾಗಾ ಸಾಲವಲ್ದು."

"ಹಾಕಸ್ವಾ. ನಿಮ್ಮ ಪಾಲಿಂದು, ನನ್ನೇನ ಕೇಳತಿ?"

"ಬೆಳಕಿಂಡಿ ಒಳಗ ಬರತೈತಿ. ಅದರ ಮ್ಯಾಲ ಒಂದ ಪರಸಿ ಮುಚ್ಚತೇವಿ. ಮಳಿ ಬಂದ್ರ ನಿಮಗೂ ಸೋರಂಗಿಲ್ಲ. ಇದೊಂದ, ಇನ್ನ ಮ್ಯಾಲ ಏನೂ ಕೇಳಂಗಿಲ್ಲ."

ಅಪ್ಪ ಒಮ್ಮೆ ಮೇಲೆ ಮಾಳಿಗೆಯ ಕಡೆ ನೋಡಿದ.

"ಮುಚ್ಚು. ಅಕ್ಕಗ ಲೈಟ್ ಐತಿ, ಹಚ್ಚಕೊಂಡ ಓದತಾಳ" ಎಂದ. ಆಮೇಲೆ ನಗುತ್ತ, "ನಂದೊಂದ ಅಂಗಿ ಹೊಲದ ಕೊಡ ಮತ್ತ" ಎಂದ.

ನನ್ನ ಬೆಳಕನ್ನು ಕೊಟ್ಟುಬಿಟ್ಟ, ನನ್ನನ್ನು ಕರೆಯಲೂ ಇಲ್ಲ. ಆದರೆ ಆ ಕ್ಷಣ ಚುಚ್ಚಿದ್ದು ಅದಲ್ಲ, ಆ ಅಂಗಿಯ ಮಾತು. ಅಪ್ಪ ನನ್ನನ್ನು ಯಾವತ್ತೂ ಏನನ್ನೂ ಕೇಳಿರಲಿಲ್ಲ.

ಚಪ್ಪಡಿ ಕಲ್ಲು ಬಿತ್ತು. ಖೋಲಿ ಎದ್ದಿತು. ಹಗಲಿಡೀ ಲೈಟು ಹಚ್ಚಿ ಓದುವಾಗ ತಲೆಯ ಮೇಲೆ ಅವಳ ಮಷೀನು ಕಟಕಟ ಎನ್ನುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಕಾ ಬಂದ. ಗಿರಾಕಿಗಳು ನಮ್ಮ ಅಂಗಳ ಹಾಯ್ದು ಹತ್ತುವುದು ಸರಿಯಲ್ಲ, ಅಂಗಳದ ಗೋಡೆ ಒಡೆದು ರಸ್ತೆಗೆ ಬಾಗಿಲಿಟ್ಟು, ಮೆಟ್ಟಿಲನ್ನೇ ತಮಗೆ ಬಿಟ್ಟುಕೊಡಬೇಕು ಎಂದ.

"ಇದು ಆಗೂದಿಲ್ಲ, ತಮ್ಮಾ" ಎಂದ ಅಪ್ಪ.

ಇಷ್ಟು ದಿನ ಬಾರದ ಇಲ್ಲ ಎಂಬ ಮಾತು ಅಂದು ಯಾಕೆ ಬಂತೋ. ಆ ಮೆಟ್ಟಿಲ ಮೇಲೆ ಅಜ್ಜ ಕುಳಿತುಕೊಳ್ಳುತ್ತಿದ್ದ ಎಂದು ಅವ್ವ ಆಮೇಲೆ ಹೇಳಿದಳು. ಇರಬಹುದು. ಕೊಟ್ಟು ಕೊಟ್ಟು ಸಾಕಾಗಿರಲೂಬಹುದು. ಕಾಕಾ ಮಾತ್ರ ನಂಬಲಿಲ್ಲ.

"ಅಣ್ಣ ಮೊದ್ಲ ಹಿಂಗ ಅಂತಾನ. ಆಮ್ಯಾಲ ಹೂಂ ಅಂತಾನ" ಎಂದು ನಗುತ್ತಲೇ ಹೋದ. ಮರುದಿನ ಗೋಡೆ ಒಡೆಯಲು ಗೌಂಡಿಯನ್ನು ಕರೆದುಕೊಂಡು ಬಂದ.

ಗೌಂಡಿಯ ಹಾರೆ ಗೋಡೆಗೆ ತಾಗಿದ ಸದ್ದಿಗೆ ಅಪ್ಪ ಒಳಗಿಂದ ಓಡಿ ಬಂದು ಹಾರೆಯನ್ನು ಕಿತ್ತುಕೊಂಡ. ಕಾಕಾ ಅದರ ಇನ್ನೊಂದು ತುದಿ ಹಿಡಿದ. ಎಳೆದಾಡುತ್ತ ಇಬ್ಬರೂ ಮೆಟ್ಟಿಲ ಮೇಲೆ ಹತ್ತಿದರು. ಯಾಕೆ ಹತ್ತಿದರೋ ಅವರಿಗೂ ತಿಳಿದಿರಲಿಕ್ಕಿಲ್ಲ. ಹಾರೆ ಅಪ್ಪನ ಹಣೆಗೆ ಬಡಿಯಿತು. ಅಪ್ಪ ಎರಡೂ ಕೈಯಿಂದ ಅವನನ್ನು ನೂಕಿದ. ಕಾಕಾ ಮೆಟ್ಟಿಲಿನಿಂದ ಭುಜದ ಮೇಲೆ ಬಿದ್ದ, ಎಲುಬು ಮುರಿಯಿತು.

ಬಿದ್ದಲ್ಲಿಂದಲೇ ಅವನು ಹೇಳಿದ್ದು ಬೈಗುಳವಲ್ಲ. "ಇಷ್ಟ ವರ್ಷ ಎಲ್ಲಾದಕೂ ಹೂಂ ಅಂದಿ. ಇವತ್ತ ಏನ ಬಂತೋ ಅಣ್ಣಾ ನಿನಗ?" ಮೋಸ ಹೋದವನ ದನಿ ಅದು. ಪ್ರತಿ ಸಲ ಕೊಟ್ಟು ಕೊಟ್ಟು, ಇಲ್ಲ ಎಂಬ ಮಾತಿಗೆ ಬೆಲೆಯೇ ಇಲ್ಲವೆಂದು ಅವನಿಗೆ ಕಲಿಸಿದವರು ನಾವೇ. ಪೋಲೆಂಡಿನ ಸರದಿ ಬಂದಾಗ ಈ ಸಲ ಯುದ್ಧ ಮಾಡುತ್ತೇವೆ ಎಂದು ಬ್ರಿಟನ್ನು ಹೇಳಿದ್ದನ್ನು ಜರ್ಮನಿ ಯಾಕೆ ನಂಬಲಿಲ್ಲ ಎಂಬ ಪ್ರಶ್ನೆಗೆ ನಾನು ಬಹಳ ಪುಸ್ತಕ ತಿರುವಿದ್ದೆ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದೆ. ಅವಳು ಖೋಲಿಯಿಂದ ಇಳಿದು ಓಡಿ ಬಂದಳು. ಮೊದಲು ತನ್ನ ಅಪ್ಪನ ಹತ್ತಿರ ಹೋದಳು, ಅಲ್ಲಿ ಅವಳ ಅವ್ವ, ನಮ್ಮ ಕಾಕು, ಇದ್ದಳು. ಆಮೇಲೆ ಕೈಯಲ್ಲಿದ್ದ ಅಸ್ತರಿನ ಬಟ್ಟೆಯನ್ನು ನನ್ನ ಅಪ್ಪನ ಹಣೆಗೆ ಒತ್ತಿ ಹಿಡಿದಳು. ಅಪ್ಪ ಅವಳ ಕೈ ತಳ್ಳಲಿಲ್ಲ. "ನಿಮ್ಮಪ್ಪನ್ನ ನೋಡ ಹೋಗ್ವಾ" ಎಂದಷ್ಟೇ ಹೇಳಿದ. ಅಂಗಳದಲ್ಲಿ ರಕ್ತ ಬಿದ್ದಿತ್ತು, ನಾನು ಆ ಬಟ್ಟೆಯನ್ನು ನೋಡುತ್ತಿದ್ದೆ. ಅದು ನನ್ನ ಕೈಯಲ್ಲಿ ಇರಬೇಕಿತ್ತು.

ಕಾಕಾನನ್ನು ದವಾಖಾನೆಗೆ ಸೇರಿಸಿದರು. ಎರಡೂ ಮನೆಗಳ ನಡುವೆ ಮಾತು ನಿಂತಿತು. ಅಪ್ಪ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅಪ್ಪ ತನ್ನ ಮೆಟ್ಟಿಲು ಉಳಿಸಿಕೊಂಡಿದ್ದ. ನನ್ನ ಬೆಳಕಿಂಡಿಯ ಮಾತನ್ನು ಈ ಜಗಳದಲ್ಲೂ ಯಾರೂ ಎತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ತಯಾರಾಗಿ, ಅವ್ವನಿಗೆ ಹೇಳದೆ, ಕಾಕಾನ ಮನೆಯ ಬಾಗಿಲು ಬಡಿದೆ. ಕಾಕು ದವಾಖಾನೆಯಲ್ಲಿದ್ದಳು. ಮಗಳೇ ತೆರೆದಳು, ಕಣ್ಣು ಬಾತಿದ್ದವು.

"ಬೆಳಕಿಂಡಿ ಮ್ಯಾಲಿನ ಪರಸಿ ತಗೀಬೇಕು. ಒಂದ ಮೊಳ ಜಾಗಾ ಬಿಡಬೇಕು" ಎಂದೆ.

"ನಮ್ಮಪ್ಪ ದವಾಖಾನ್ಯಾಗ ಅದಾನಕ್ಕ. ನಿನಗ ಬೆಳಕಿನ ಚಿಂತಿ."

"ಹೌದು."

"ಮುಚ್ಚೂವಾಗ ಒಂದ ಮಾತ ಬ್ಯಾಡ ಅಂದಿದ್ಯಾ?"

"ಈಗ ಅನ್ನಾಕತ್ತೇನಿ."

ಅವಳು ಒಳಗೆ ಹೋದಳು, ಬಾಗಿಲು ಮಾತ್ರ ಹಾಕಲಿಲ್ಲ. ಕಿತ್ತೂರಿನ ಬಸ್ಸಿಗೆ ಹೊತ್ತಾಗಿತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ನಡೆದು, ಹೊಲಿಸಲು ಬಂದವರು ಕೂರುವ ಬೆಂಚಿನ ಮೇಲೆ, ಯಾರೂ ಕುಳಿತುಕೋ ಎನ್ನದಿದ್ದರೂ, ಕುಳಿತೆ.